ಕನ್ನಡಿಗೆ ನೇತುಹಾಕಿದ ಟೋಪಿ

ಅಣ್ಣಾ,

ಇಂದಿನ ವರದಿಯನ್ನು ತಮ್ಮ ಘನ ಸನ್ನಿಧಿಗೆ ಒಪ್ಪಿಸುತ್ತಿದ್ದೇನೆ. ಚರ್ಚಿನ ಆರ್ಗನ್ ನುಡಿಸಲು ನಿನ್ನ ಜಾಗಕ್ಕೆ ಹೊಸಬ ಬಂದ. ಬೆನ್ನ ಹಿಂದಿನ ಬಾಗಿಲು ಕಾಣಲೆಂದು ವಾದ್ಯದ ಮೇಲೆ ಕನ್ನಡಿಯಿದೆಯಲ್ಲ, ಮೊದಲು ಅದರಿಂದ ನಿನ್ನ ಟೋಪಿ ತೆಗೆದ.

“ಇದ್ಯಾಕಮ್ಮಾ ಇಲ್ಲಿ?”

“ಕನ್ನಡಿ ಮೊಳೆ ಗಟ್ಟಿಯಾಗಿದೆ, ಸುಮ್ನೆ ಯಾಕೆ ಬಿಡೋದು ಅಂತಿದ್ದ ನಮ್ಮಣ್ಣ” ಎಂದೆ.

ಹುಟ್ಟುಕುರುಡನಾದ ನಿನಗೆ ಇಡೀ ಸಂಗೀತ ಬೆರಳಲ್ಲಿತ್ತು. ಯಾವಾಗ ಶುರುಮಾಡಬೇಕೆಂಬುದು ಮಾತ್ರ ನನ್ನ ಗಂಟಲಲ್ಲಿ. ಮದುಮಗಳು ಬಾಗಿಲಿಗೆ ಬಂದರೆ ಒಂದು ಕೆಮ್ಮು, ಶವಪೆಟ್ಟಿಗೆ ಬಂದರೆ ಎರಡು. ಹೀಗೆ ಕೆಮ್ಮಿ ಕೆಮ್ಮಿ, ನಿನ್ನ ತಂಗಿಗೆ ಕ್ಷಯವೆಂದು ಊರೆಲ್ಲ ಗುಲ್ಲಾಗಿ, ಹೆಣ್ಣು ಕೇಳಲು ಒಬ್ಬನೂ ಬರಲಿಲ್ಲ. “ನನಗಿಂತ ನಿನ್ನ ಕೆಮ್ಮೇ ಫೇಮಸ್ಸು ಕಣೇ” ಎಂದು ನೀನು ನಗುತ್ತಿದ್ದೆ. ನಾನೂ ನಗುತ್ತಿದ್ದೆ.

ಇವತ್ತು ಪೆಟ್ಟಿಗೆ ಬಂತು. ಒಳಗೆ ನೀನಿದ್ದೆ. ಆರ್ಗನ್ ಪಕ್ಕದ ನನ್ನ ಹಳೇ ಸ್ಟೂಲಿನಲ್ಲಿ ಕೂತು, ಅಭ್ಯಾಸಬಲದಿಂದ ಎರಡು ಸಲ ಕೆಮ್ಮಿದೆ.

“ನೀರು ಬೇಕೇನಮ್ಮಾ?” ಎಂದ ಹೊಸಬ.

“ಬೇಡಪ್ಪ, ನೀನು ನುಡಿಸು.”

ಅವನು ಕನ್ನಡಿ ನೋಡಿಕೊಂಡು ಶುರುಮಾಡಿದ. ಚೆನ್ನಾಗಿಯೇ ನುಡಿಸಿದ, ಹೊಟ್ಟೆಕಿಚ್ಚುಪಡಬೇಡ.

ನಿನ್ನ ಟೋಪಿ ನನ್ನ ಮಡಿಲಲ್ಲಿತ್ತು. ನಾನು ಕೆಮ್ಮಿದ ಮೇಲೂ ನೀನು ಸುಮ್ಮನಿದ್ದದ್ದು ಇದೇ ಮೊದಲು.