ಕರಿ ಬೆಲ್ಲದ ಫೆರೈಟ್

೧೮ ನವೆಂಬರ್ ೨೦೧೪, ಸಂಜೆ
ಇವತ್ತೂ ಒಂದು ಬ್ಯಾಚ್ ಸುಟ್ಟೆ. ಕಬ್ಬಿಣ, ಕೋಬಾಲ್ಟ್, ಸತು — ಮೂರರ ನೈಟ್ರೇಟೂ ನೀರಿನಲ್ಲಿ. ಉರಿಯಲಿಕ್ಕೆ ಅಪ್ಪನ ಗಾಣದ ಬೆಲ್ಲ. ಬುಸ್ ಅಂತ ಉಬ್ಬಿ, ಹೊತ್ತಿ, ಕರಿ ಪುಡಿ ಆಯಿತು. ಅದೇ ನನ್ನ ಫೆರೈಟ್, ಅಯಸ್ಕಾಂತ ಗುಣದ ನ್ಯಾನೋಕಣ. ಬೇರೆಯವರು ಸಿಟ್ರಿಕ್ ಆಸಿಡ್ ಹಾಕುತ್ತಾರೆ. ನನ್ನ ಪಿಎಚ್‌ಡಿಯಲ್ಲಿ ಹೊಸದು ಅಂತ ಇರುವುದು ಈ ಬೆಲ್ಲ ಒಂದೇ.
ಬೆಲ್ಲದ ಹಳೇ ಪೆಂಟಿ, ಆ ದೊಡ್ಡ ಅಚ್ಚು, ಮುಗಿದಿತ್ತು. ಹಿಪ್ಪರಗಿಯಿಂದ ಅಪ್ಪ ಹೊಸದು ಕಳಿಸಿದ್ದಾನೆ. ಬಂಗಾರದ ಬಣ್ಣ! ಚಹಾಕ್ಕೂ ಒಂದು ಚೂರು ಕದ್ದೆ.

೯ ಡಿಸೆಂಬರ್
ಪರೀಕ್ಷೆಗೆ ಕಳಿಸಿದ್ದ ಪುಡಿಯ ರಿಪೋರ್ಟ್ ಧಾರವಾಡದಿಂದ ಬಂತು. ಎಲ್ಲ ಉಲ್ಟಾ. ಕೋಬಾಲ್ಟ್ ಜಾಗಕ್ಕೆ ಸ್ವಲ್ಪ ಸತು ಬಂದರೆ ಅಯಸ್ಕಾಂತ ಗುಣ ಮೊದಲು ಏರಬೇಕು, ಸತು ಹೆಚ್ಚಾದ ಮೇಲೆ ಇಳಿಯಬೇಕು. ನನ್ನದು ಮೊದಲ ಚಿಟಿಕೆಗೇ ಇಳಿದಿದೆ. ಹರಳಿನ ಚೌಕಟ್ಟೂ ಊದಿದೆ. ಸತು ಅಷ್ಟು ದಪ್ಪ ಅಯಾನ್ ಅಲ್ಲ.
ಗೈಡ್ ನೀಲಕಂಠ ಸರ್ ಫೋನ್. "ವೈಶಾಲಿಯವರ, ಆ ಬೆಲ್ಲಾ ಗಿಲ್ಲಾ ಬಿಡ್ರಿ. ಮಾರ್ಚ್ ರಿವ್ಯೂದಾಗ ಗ್ರಾಫ್ ಬರಲಿಲ್ಲಂದ್ರ ನಿಮ್ಮ ರಜಿಸ್ಟ್ರೇಶನ್ ಉಳಿಯಂಗಿಲ್ಲ."
ಐದು ವರ್ಷದ ಕೆಲಸ. ಅಳು ಬಂತು. ಬಿಎಸ್ಸಿ ಹುಡುಗರಿಗೆ ಪ್ರಾಕ್ಟಿಕಲ್ ಮಾಡಿಸಬೇಕಿತ್ತು, ಮುಖ ತೊಳೆದುಕೊಂಡು ಹೋದೆ.

೧೩ ಡಿಸೆಂಬರ್
ತಪ್ಪು ಸತುವಿನದೋ ಬೆಲ್ಲದ್ದೋ? ಸತು ಹಾಕದೆ, ಹೊಸ ಬೆಲ್ಲದಲ್ಲೇ ಒಂದು ಬ್ಯಾಚ್. ಒಳಗೆ ಯಾವ ಯಾವ ಧಾತು ಇವೆ ನೋಡಿ ಅಂತ ಬರೆದು ಧಾರವಾಡಕ್ಕೆ ಕಳಿಸಿದೆ.

೨ ಜನವರಿ ೨೦೧೫
ಕ್ಯಾಲ್ಸಿಯಂ! ಸತುವೇ ಇಲ್ಲದ ಸ್ಯಾಂಪಲ್ಲೂ ಊದಿದೆ. ಬಸ್ಸಿನ ಸೀಟಿನಲ್ಲಿ ದಪ್ಪ ಮನುಷ್ಯ ಕೂತಂತೆ ಕೂತಿದೆ — ಜಾಗ ಜಾಸ್ತಿ, ಅಯಸ್ಕಾಂತಕ್ಕೆ ಮಾತ್ರ ಏನೂ ಉಪಯೋಗವಿಲ್ಲ.
ಎಲ್ಲಿಂದ ಬಂತು? ಸುಣ್ಣ... ಕೊಪ್ಪರಿಗೆಗೆ ಸುಣ್ಣದ ನೀರು ಹಾಕಿ ಕೊಳೆ ತೆಗೆಯುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಆದರೆ ಹಳೇ ಪೆಂಟಿ ಇಷ್ಟು ಕಾಡಿರಲಿಲ್ಲವಲ್ಲ?

೪ ಜನವರಿ, ಭಾನುವಾರ
ಹಿಪ್ಪರಗಿಗೆ ಹೋದೆ. ಅಪ್ಪ ಕೊಪ್ಪರಿಗೆ ಮುಂದೆ.
"ಅಪ್ಪಾ, ಈ ಸಲ ಸುಣ್ಣ ಜಾಸ್ತಿ ಹಾಕೀಯೇನು?"
ಅವನ ಮುಖ ಅರಳಿತು. "ಹಾಕೇನ ಮತ್ತ! ನಿನ್ನ ಪೆಂಟಿ ಬ್ಯಾರೆನ ಮಾಡೇನಿ. ಕಾಲೇಜಿಗೆ ಹೋಗೂ ಬೆಲ್ಲ, ನಾಕ ಮಂದಿ ಸಾಹೇಬ್ರು ನೋಡ್ತಾರ. ಬಣ್ಣ ಬರಬೇಕಲ್ಲವಾ?"
ಸಿಟ್ಟೂ ಬಂತು, ತಬ್ಬಿಕೊಳ್ಳಬೇಕು ಅಂತಲೂ ಅನಿಸಿತು. ಹೇಳಿದೆ: ಸುಣ್ಣ ಸುತರಾಂ ಬೇಡ, ಕೊಳೆ ತೆಗೆಯಲು ಬರೇ ಬೆಂಡೆಗಿಡದ ಲೋಳೆ ಸಾಕು. ಕರಿ ಬೆಲ್ಲವೇ ಬೇಕು.
"ಕರೀದ? ಅದನ್ನ ದನಕ್ಕ ಹಾಕ್ತಾರವಾ. ನಿಮ್ಮಪ್ಪ ಭೀಮಶಿ ಗಾಣದಾಗ ಕರಿ ಬೆಲ್ಲ ಅಂದ್ರ ಮಂದಿ ಏನಂದಾರು?" ಎದ್ದು ಹೊರಗೆ ಹೋದ. ಊಟಕ್ಕೂ ಬರಲಿಲ್ಲ.

೧೬ ಜನವರಿ
ಸಂಕ್ರಾಂತಿ ಮರುದಿನ. ಅಪ್ಪ ತಾನೇ ಕಾಲೇಜಿಗೆ ಬಂದ. ಒಳಗೆ ಕರೆದರೆ ಒಲ್ಲೆ ಅಂದ, ಗೇಟಿನಲ್ಲೇ ನಿಂತ. ಟವೆಲ್ಲಿನಲ್ಲಿ ಸುತ್ತಿದ ಪೆಂಟಿ. ಕರ್ರಗೆ.
"ಆಳ ಮಂದಿ ಹಬ್ಬಕ್ಕ ಹೋಗಿದ್ರು. ಒಬ್ಬಾವನ ಕಾಸೇನಿ. ನನ್ನ ಗಾಣದ್ದಂತ ಯಾರ ಮುಂದನೂ ಹೇಳಬ್ಯಾಡ."

೨೪ ಫೆಬ್ರುವರಿ
ಕರಿ ಬೆಲ್ಲದ ಬ್ಯಾಚಿನ ರಿಪೋರ್ಟ್. ಏರಿತು! ಅಯಸ್ಕಾಂತ ಗುಣ ಸತುವಿನ ಜೊತೆ ಏರಿ, ಆಮೇಲೆ ಇಳಿಯಿತು. ಹೇಗೆ ಬೇಕೋ ಹಾಗೆ. ನೀಲಕಂಠ ಸರ್: "ಆ ಸುಣ್ಣದ ಬ್ಯಾಚೂ ಚೆಲ್ಲಬ್ಯಾಡ್ರಿ. ಅದೂ ಒಂದ ಅಧ್ಯಾಯ ಆಗ್ತದ." ಖಾಲಿ ಲ್ಯಾಬಿನಲ್ಲಿ ಒಬ್ಬಳೇ ನಕ್ಕೆ.

೬ ಅಕ್ಟೋಬರ್
ಥೀಸಿಸ್ ಮುಗಿಯಿತು. ಕೃತಜ್ಞತೆಯ ಪುಟ ಒಂದು ಬಾಕಿ. ಅಪ್ಪನಿಗೆ ಫೋನ್ ಮಾಡಿದೆ — "ನಿನ್ನ ಹೆಸರ ಹಾಕ್ಲಿ?"
ದನಿ ತಗ್ಗಿಸಿದ.
"ಹಾಕವಾ. ಬಣ್ಣ ಮಾತ್ರ ಬರೀಬ್ಯಾಡ."
ಹೂಂ ಅಂದುಬಿಟ್ಟೆ. ಎರಡನೇ ಅಧ್ಯಾಯದಲ್ಲಿ ಎರಡು ಪೆಂಟಿಯ ಫೋಟೋ ಅಕ್ಕಪಕ್ಕ ಇವೆ. ಕರಿಯದರ ಕೆಳಗೆ ದೊಡ್ಡದಾಗಿ ಹಿಪ್ಪರಗಿ ಅಂತ. ವೈವಾಕ್ಕೆ ಬರಲು ಅಪ್ಪ ಹೊಸ ಧೋತರ ತಂದಿಟ್ಟಿದ್ದಾನಂತೆ. ಎಲ್ಲರ ಮುಂದೆ ಪರದೆಯ ಮೇಲೆ ನೋಡುವ ಮೊದಲು, ನಾಳೆ ನಾನೇ ಹೋಗಿ, ಪಕ್ಕ ಕೂತು, ಆ ಫೋಟೋ ತೋರಿಸಿ, ಊರ ಹೆಸರು ಇರಲೋ ತೆಗೆಯಲೋ ಅಂತ ಅವನನ್ನೇ ಕೇಳಬೇಕು.