ಕರಪತ್ರದಲ್ಲಿ ಇಲ್ಲದ ಹೆಸರು

ದಂಡಿಗನಹಳ್ಳಿ, ಗುರುವಾರ

ನೀಲಗಂಗಮ್ಮನವರಿಗೆ, ಹಾರ್ಮೋನಿಯಂ ತಿಮ್ಮಪ್ಪನ ನಮಸ್ಕಾರಗಳು.

ಫೋನ್ ಮಾಡಿ ಮಾಡಿ ಸೋತೆ, ನೀವು ಎತ್ತುವುದಿಲ್ಲ. ತಪ್ಪು ನನ್ನದೇ, ಅದಕ್ಕೇ ಈ ಕಾಗದ. ಯಾರಿಂದಲಾದರೂ ಓದಿಸಿಕೊಳ್ಳಿ; ಜೋರಾಗಿಯೇ ಓದಲಿ.

ಕಷ್ಟದಲ್ಲಿರುವ ಕಲಾವಿದರಿಗೆ ತಿಂಗಳ ನೆರವು ಕೊಡುವ ಟ್ರಸ್ಟಿಗೆ ನೀವು ಅರ್ಜಿ ಹಾಕಿ, ಸಾಕ್ಷಿಗೆ ನನ್ನ ಹೆಸರು ಕೊಟ್ಟಿದ್ದೀರೆಂದು ತಿಳಿದಾಗ ಎಷ್ಟು ಹಿಗ್ಗಿದೆ! ನಾನು ಕಲಿಸಿ ನೀವು ಪಾರ್ಟು ಮಾಡಿದ ಮೂವತ್ತು ವರ್ಷದ ನಾಟಕಗಳ ಕರಪತ್ರಗಳನ್ನು ಬ್ಯಾಗಿಗೆ ತುಂಬಿಕೊಂಡು ಹಾಸನದ ಬಸ್ಸು ಹತ್ತಿದೆ. ಒಂದನ್ನಾದರೂ ಬಿಚ್ಚಿ ನೋಡಲಿಲ್ಲ. ಟ್ರಸ್ಟಿನ ಕಚೇರಿಯ ಕೀರ್ತಿರಾಜ್ ನಿಮ್ಮೆದುರೇ ಒಂದೊಂದಾಗಿ ಮಗುಚಿದರು. "ಏನ್ ಮೇಷ್ಟ್ರೇ, ಲೈಟ್ ಸೆಟ್ನೋರ ಹೆಸ್ರೈತೆ, ಟೀ ಕೊಟ್ಟೋರ ಹೆಸ್ರೈತೆ. ಈಯಮ್ಮಂದೇ ಇಲ್ವಲ್ಲಾ?" ಎಂದರು. ಎಲ್ಲದರಲ್ಲೂ ಒಂದೇ ಸಾಲು: 'ಸ್ತ್ರೀ ಪಾತ್ರದಲ್ಲಿ ಹಾಸನದ ಕಲಾವಿದೆ.' ಅಚ್ಚಿಗೆ ಬರೆದುಕೊಟ್ಟವನು ನಾನೇ. ನೀವು ಎದ್ದು, ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಹೋದಿರಿ.

ಹಿರೀಸಾವೆಯಲ್ಲಿ ಬಣ್ಣ ಹಚ್ಚಿಕೊಳ್ಳುತ್ತಾ ನೀವೊಮ್ಮೆ ಕೇಳಿದ್ದಿರಿ, "ನನ್ ಹೆಸ್ರೂ ಒಂದ್ ಮೂಲೇಲಿ ಆಕ್ಸಿ ಮೇಷ್ಟ್ರೇ." "ಜನ ನಿನ್ ಮಕ ನೋಡಕ್ ಬತ್ತಾರೆ ಕಣವ್ವ, ಹೆಸ್ರು ತಕಂಡ್ ಏನ್ ಮಾಡೀಯೆ?" ಎಂದು ನಕ್ಕುಬಿಟ್ಟಿದ್ದೆ. ಪಾರ್ಟು ಮಾಡುವ ಊರಿನವರು ದುಡ್ಡು ಹಾಕಿದವರು. ಅವರ ಹೆಸರು ದಪ್ಪಕ್ಷರದಲ್ಲಿ ಬರದಿದ್ದರೆ ಜಗಳ. ಜಗಳಕ್ಕೆ ಬರದವರು ನೀವೊಬ್ಬರೇ. ಮೆತ್ತಗಿದ್ದರೆ ಮತ್ತೊಂದು ಗುದ್ದು, ಅಷ್ಟೇ.

ನೀವು ಹೋದ ಮೇಲೆ ಅಲ್ಲೇ ಕೂತು ಬರೆದುಕೊಟ್ಟೆ: ಆ ಕಲಾವಿದೆ ನೀಲಗಂಗಮ್ಮನವರೇ, ಹೆಸರು ಬಿಟ್ಟವನು ನಾನು. ಕೀರ್ತಿರಾಜ್ ಒಪ್ಪಿದ್ದಾರೆ. ಆದರೆ ಸೋಮವಾರ ಸಂಜೆಯೊಳಗೆ ಅದರ ಕೆಳಗೆ ನಿಮ್ಮ ಸಹಿ ಬೀಳದಿದ್ದರೆ ಅರ್ಜಿ ವಜಾ. ಕಣ್ಣು ಮಂಜಾಗಿ ಒಲೆ ಹಚ್ಚಲೂ ತಡಕಾಡುತ್ತೀರಂತೆ. ನನ್ನ ಮೇಲಿನ ಸಿಟ್ಟಿಗೆ ಈ ನೆರವು ಬಿಡಬೇಡಿ.

ಇಲ್ಲಿ ತಾಲೀಮಿಗೆ ಈಗ ಯಾರೂ ಬರುವುದಿಲ್ಲ. ಸಂಜೆ ಹಾರ್ಮೋನಿಯಂ ಪೆಟ್ಟಿಗೆ ತೆಗೆದು ನಿಮ್ಮ ಶ್ರುತಿ ಹಿಡಿದು ಕೂರುತ್ತೇನೆ, ಹಾಡುವವರಿಲ್ಲ. ನೀವೂ ಮಾತು ಬಿಟ್ಟರೆ, ನಾನೊಬ್ಬ ಮೇಷ್ಟ್ರಾಗಿದ್ದೆ ಎನ್ನುವುದಕ್ಕೆ ನನಗೂ ಸಾಕ್ಷಿ ಇಲ್ಲ.

ಸೋಮವಾರ ಕಚೇರಿಗೆ ಬನ್ನಿ. ನನ್ನ ಮುಖ ನೋಡುವುದು ಬೇಡವೆಂದರೆ ನಾನು ಹಾಸನದ ಬಸ್ ಸ್ಟ್ಯಾಂಡಿನಲ್ಲೇ ಕೂತಿರುತ್ತೇನೆ. ನೀವು ಸಹಿ ಹಾಕಿದಿರೆಂದು ಕೀರ್ತಿರಾಜ್ ಫೋನ್ ಮಾಡಿದರೆ ಸಾಕು, ಹಾಗೇ ಊರಿನ ಬಸ್ಸು ಹತ್ತುತ್ತೇನೆ.

ದೇವರು ನಿಮ್ಮ ಕಣ್ಣು ಕಾಪಾಡಲಿ.

ಇತಿ,
ನಿಮ್ಮ ಹೆಸರು ಬಿಟ್ಟ
ತಿಮ್ಮಪ್ಪ