ಎತ್ತದ ಕೈ

ಮಂಗಳವಾರ, ೯
ನಸುಕಿಗೇ ಎದ್ದೆ. ದಂಡ, ಬಸ್ಕಿ, ಬಾಗಿಲ ಚೌಕಟ್ಟಿಗೆ ಜೋತು ಮೈ ಎತ್ತುವುದು. ‘ಕ್ರಾಂತಿಗೆ ಮೈ ಹುರಿಗೊಳಿಸಿ’ ಎಂಬ ಕರಪತ್ರ ಮೊದಲ ವಾರಕ್ಕೆ ಸ್ವಲ್ಪವೇ ಸಾಕು ಎನ್ನುತ್ತದೆ. ಕೊನೆಯ ವಾರದ್ದನ್ನೇ ಮಾಡಿದೆ. ಕಾಯಲು ಸಮಯವೆಲ್ಲಿದೆ?

ಅಮ್ಮ ನಿಂತು ನೋಡಿದಳು. “ಚೌಕಟ್ಟು ಕಿತ್ತು ಬಂದ್ರೆ ಓನರ್‌ಗೆ ನೀನೇ ಉತ್ತರ ಹೇಳು.”

ಲಾಂಡ್ರಿಯಲ್ಲಿ ಗಂಜಿಯಕ್ಕ ಇಲ್ಲ. ಬಂದ ಹೊಸತರಲ್ಲಿ ಬಟ್ಟೆಗೆ ಗಂಜಿ ಹಾಕುತ್ತಿದ್ದಳಂತೆ, ಅದಕ್ಕೇ ಆ ಹೆಸರು. ಆಸ್ಪತ್ರೆಯ ಬೆಡ್‌ಶೀಟ್ ಮಡಿಸಲು ಇಬ್ಬರು ಬೇಕು. ನಾನು ಸೇರಿದಾಗಿನಿಂದ ಎದುರು ತುದಿ ಅವಳದು. ಇಸ್ತ್ರಿ ಯಂತ್ರಕ್ಕೆ ಕೈ ಸಿಕ್ಕದಂತೆ ಹಾಕಿದ್ದ ಅಡ್ಡಪಟ್ಟಿ ಮುರಿದಿತ್ತು. ಯಾರೂ ಸರಿಮಾಡಿಸಲಿಲ್ಲ. ಅವಳ ಅಂಗೈ ಸುಟ್ಟಿತು. ಅಜಾಗರೂಕತೆ ಎಂದು ಮ್ಯಾನೇಜರ್ ಅವಳನ್ನೇ ಕೆಲಸದಿಂದ ತೆಗೆದ.

ಗುರುವಾರ ಊಟದ ಬಿಡುವಿನಲ್ಲಿ ಸಭೆ. ಅವಳನ್ನು ವಾಪಸ್ ತೆಗೆದುಕೊಳ್ಳುವವರೆಗೆ ಯಂತ್ರ ನಿಲ್ಲಿಸುವುದು — ನಿರ್ಣಯ ನನ್ನದೇ. ಬಾಯ್ಲರ್‌ನವನು ಗುಟ್ಟಾಗಿ ಚೀಟಿ ಹಾಕಿಸೋಣ ಎಂದ. “ಎಲ್ಲರಿಗೂ ಹೆಂಡ್ತಿ ಮಕ್ಕಳಿದಾರೆ ಕಣೋ.” ನಾನು ಒಪ್ಪಲಿಲ್ಲ. ಮರೆಯಲ್ಲಿ ಹಾಕಿದ ಮತ ಅರ್ಧ ಮತ. ಎಲ್ಲರೆದುರು ಕೈ ಎತ್ತಬೇಕು, ನೇರ.

ಬುಧವಾರ, ೧೦
ಇನ್ನೂ ಜಾಸ್ತಿ ಮಾಡಿದೆ. ನೋವಿದೆ. ನೋವೆಂದರೆ ಸೋಮಾರಿತನ ಮೈ ಬಿಟ್ಟು ಹೋಗುವುದು… ಹಾಗೆಂದು ಕರಪತ್ರದಲ್ಲಿ ಅಚ್ಚಾಗಿದೆ.

ಗುರುವಾರ, ೧೧, ಬೆಳಿಗ್ಗೆ
ಶರ್ಟಿನ ತೋಳಿಗೆ ಕೈ ತೂರಿಸಲಾಗಲಿಲ್ಲ. ಅಮ್ಮ ತೊಡಿಸಿದಳು. ತಲೆಯನ್ನೂ ಅವಳೇ ಬಾಚಿದಳು. “ಕ್ರಾಂತಿ ಮಾಡೋಕೆ ಹೊರಟವ್ರಿಗೆಲ್ಲ ಬಟನ್ ಹಾಕೋರು ಯಾರಪ್ಪಾ?” ನಗು ಬಂತು. ನಕ್ಕರೆ ಹೊಟ್ಟೆಯೂ ನೋಯುತ್ತದೆ.

ಸಂಜೆ
ಚೆನ್ನಾಗಿಯೇ ಮಾತಾಡಿದೆ. ಒಪ್ಪುವವರು ಕೈ ಎತ್ತಿ ಎಂದೆ. ನನ್ನ ಕೈ ಎದೆಯವರೆಗೆ ಬಂತು, ಅಲ್ಲೇ ನಿಂತಿತು. ಹಲ್ಲು ಕಚ್ಚಿದೆ. ನಡುಗಿತು, ಇಳಿಯಿತು. ಮ್ಯಾನೇಜರ್ ಬಾಗಿಲಲ್ಲಿ ನಿಂತಿದ್ದ. ಎಲ್ಲರ ಕಣ್ಣು ಮೊದಲು ಅವನ ಮೇಲೆ, ಆಮೇಲೆ ನನ್ನ ಮೇಲೆ. ಎದ್ದಿದ್ದ ಕೈಗಳು ಒಂದೊಂದಾಗಿ ಇಳಿದವು.

“ಮೈಕೈ ನೋವು, ಎತ್ತೋಕಾಗ್ತಿಲ್ಲ,” ಎಂದೆ.

“ಹೌದಪ್ಪ,” ಹಿಂದಿನಿಂದ ಯಾರೋ ಅಂದರು, “ನಮಗೂ ಅದೇ ನೋವು.”

ನಿರ್ಣಯ ಬಿದ್ದುಹೋಯಿತು.

ಶನಿವಾರ, ೧೩
ಗಂಜಿಯಕ್ಕನ ಮನೆ. ಬಲಗೈಗೆ ಬ್ಯಾಂಡೇಜ್. ಸುದ್ದಿ ಆಗಲೇ ಮುಟ್ಟಿತ್ತು. ಎಡಗೈಯಿಂದ ನನ್ನ ತೋಳು ಒತ್ತಿದಳು. ಮುಖ ಕಿವುಚಿದೆ.

“ನಿಜಾನೇ,” ಎಂದಳು. “ನಾನೇನೋ ನಂಬ್ತೀನಿ. ನಂಬಿ ಏನ್ ಮಾಡ್ಲಿ, ಹೇಳು ತಮ್ಮಾ.”

ಮತ್ತೆ ಸಭೆ ಕರೆಯುತ್ತೇನೆ, ಚೀಟಿಯನ್ನೇ ಹಾಕಿಸುತ್ತೇನೆ ಎಂದೆ. ನೀರು ತರಲು ಒಳಗೆ ಹೋದಳು.

ಶುಕ್ರವಾರ, ೧೯
ಸಭೆಗೆ ಬಂದವನು ಬಾಯ್ಲರ್‌ನವನೊಬ್ಬನೇ.

ಎದುರು ತುದಿಗೆ ಇವತ್ತು ಹೊಸಬರೊಬ್ಬರು. ಅಪ್ಪನ ವಯಸ್ಸು. “ಸ್ವಲ್ಪ ನಿಧಾನ ಮಾಡಪ್ಪ. ಈ ವಯಸ್ಸಲ್ಲಿ ಕೆಲಸ ಸಿಕ್ಕಿದ್ದೇ ದೊಡ್ಡದು.” ಗಂಜಿಯಕ್ಕನ ಜಾಗಕ್ಕೆ ಬಂದವರನ್ನು ಬೈಯಬೇಕೆಂದಿದ್ದೆ. ಶೀಟನ್ನು ನಿಧಾನಕ್ಕೆ ಬಿಡಿಸಿದೆ.

ಶೀಟಿನ ಮೂಲೆ ಹಿಡಿದು ಎತ್ತಿದೆವು. ನನ್ನ ಕೈ ಸಲೀಸಾಗಿ ತಲೆಯ ಮೇಲಕ್ಕೆ ಹೋಯಿತು. ಸುತ್ತಲಿನವರು ನೋಡಿದರು. ಇಳಿಸಿಬಿಡೋಣ ಅನ್ನಿಸಿತು. ಎದುರಿನವರು ಇನ್ನೂ ಎತ್ತಿ ಹಿಡಿದೇ ಇದ್ದರು, ನಾನು ಬಿಟ್ಟರೆ ಶೀಟು ನೆಲಕ್ಕೆ.